ಹಸಿರು ಕದದ ಕಿಟಕಿ

ಆ ಬೀದಿಯಲ್ಲಿ ಮೂವತ್ತೊಂದು ಮನೆ. ಮೂವತ್ತು ಮನೆಗಳ ಮಹಡಿಯಲ್ಲಿ ರಸ್ತೆ ಕಡೆಯ ಒಂದು ಕಿಟಕಿಗೆ ಕದವೇ ಇಲ್ಲ. ಕದ ಕೂರಿಸದ ಮನೆ ಇನ್ನೂ ಕಟ್ಟುತ್ತಿರುವ ಮನೆ, ಅದಕ್ಕೆ ಅರ್ಧ ಕಂದಾಯ ಅಂತ ಪುರಸಭೆಯ ನಿಯಮ. ಯಾವ ಪುಣ್ಯಾತ್ಮ ಬರೆದನೋ! ಕೆಳಗೆ ಅಮೃತಶಿಲೆಯ ನೆಲ, ಗೋಡೆಯಗಲದ ಟಿವಿ; ಮೇಲೆ ಕಿಟಕಿಗೆ ಹರಕು ಗೋಣಿಚೀಲ. ಮಳೆಗೆ ಮಂಚ ನೆನೆದರೂ ಸರಿ, ಕದ ಹಾಕಿಸುವ ಪೈಕಿಯಲ್ಲ ಇವರು.

ಬಿಲ್ ಕಲೆಕ್ಟರಿಗೆ ಈ ಜನರನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಹನ್ನೊಂದು ವರ್ಷದಿಂದ ಒಂದೊಂದೇ ಮನೆಯ ಮುಂದೆ ನಿಂತು, ಗೋಣಿಚೀಲ ನೋಡಿ, ‘ಅಪೂರ್ಣ’ ಎಂದು ಬರೆಯುವುದೇ ಅವನ ಕೆಲಸ. ಮೊಮ್ಮಕ್ಕಳಾದರೂ ಮನೆ ಮುಗಿದಿಲ್ಲವಂತೆ, ನಾಚಿಕೆಗೆಟ್ಟವರು! ಚರಂಡಿ ಕಟ್ಟಿಕೊಂಡರೆ ಮೊದಲು ಬಾಯಿ ಮಾಡುವವರೂ ಇವರೇ.

ಮೂವತ್ತೊಂದನೆಯದು ಹೊಲಿಗೆಯವಳ ಮನೆ. ಗಂಡ ಸತ್ತ ಮೇಲೆ ಮೆಷಿನ್ ತುಳಿದು ತುಳಿದೇ ಮಹಡಿಯ ಮೇಲೊಂದು ಕೋಣೆ ಕಟ್ಟಿಸಿ, ಕಿಟಕಿಗೆ ಹಸಿರು ಬಣ್ಣದ ಕದ ಹಾಕಿಸಿದ್ದಳು. ದಮ್ಮಿನ ಕಾಯಿಲೆಯ ಅತ್ತೆ ಅಲ್ಲಿ ಮಲಗುತ್ತಿದ್ದರು. ಪ್ರತಿ ವರ್ಷ ಪೂರ್ತಿ ಕಂದಾಯ, ತಕರಾರಿಲ್ಲದೆ. ಇಡೀ ಬೀದಿಯಲ್ಲಿ ಅವನಿಗೆ ಗೌರವ ಇದ್ದದ್ದು ಅವಳ ಮೇಲೆ ಮಾತ್ರ.

ಈ ವರ್ಷ ವಸೂಲಿ ಸಾಲದೆಂದು ಪುರಸಭೆ ಕಂದಾಯ ಏರಿಸಿತು. ಯಾರಿಗೆ? ಮುಗಿದ ಮನೆಗಳಿಗೆ! ನೋಟಿಸು ತಂದವನಿಗೆ ಹೊಲಿಗೆಯವಳು ಕುರ್ಚಿ ಹಾಕಿದಳು.

“ಅಣ್ಣಾ, ಇಷ್ಟು ನನ್ನ ಕೈಲಾಗಲ್ಲ. ತಿಂಗಳೊಳಗೆ ವಸೂಲಿ ಸರಿಹೋದ್ರೆ ಏರಿಸಿದ್ದನ್ನ ಕೈಬಿಡ್ತೀವಿ ಅಂತ ಇದರಲ್ಲೇ ಇದೆಯಲ್ಲ. ಎದುರಿನ ಮೂರಂತಸ್ತಿನದು ಮುಗಿದಿದೆ ಅಂತ ನಿಜ ಬರೀರಿ. ಅದೊಂದು ಬರೆದ್ರೆ ಉಳಿದವರು ತಾವಾಗೇ ಹೆದರ್ತಾರೆ.”

“ನೋಡ್ತೀನಮ್ಮ,” ಎಂದ.

ಎದುರು ಮನೆ ಅವನ ಹೆಂಡತಿಯ ಅಣ್ಣನದು. ಅಲ್ಲಿ ಏಣಿ ಹತ್ತಿ ಗೋಣಿಚೀಲ ಕಟ್ಟಿಕೊಟ್ಟವನು, ಈ ಬೀದಿಗೆ ಉಪಾಯ ಕಲಿಸಿದವನು, ಇವನೇ. ಆ ಮಾತನ್ನು ಅವನು ತನಗೆ ತಾನೇ ಎಂದೂ ಹೇಳಿಕೊಂಡವನಲ್ಲ.

“ಬಾಪ್ಪಾ, ಕಾಫಿ ಕುಡಿ,” ಎಂದ ಭಾವ, ರಸ್ತೆ ದಾಟಿ ಬಂದವನನ್ನು ನೋಡಿ ನಗುತ್ತಾ. “ಏನು ಇವತ್ತು ಮೇಲೇ ನೋಡ್ತಿದೀಯ? ನನ್ನ ತಂಗಿ ಕಿವಿಗೆ ಹಾಕ್ಲಾ?”

ಅವನು ಕಾಫಿ ಕುಡಿದ. ಮನಸ್ಸು ಗಟ್ಟಿ ಮಾಡಿಕೊಂಡು ಪೆನ್ನು ತೆಗೆದ. ‘ಅಪೂರ್ಣ’ ಎಂದು ಬರೆದ. ಥೂ, ಎಂಥ ಜನ್ಮ!

ತಿಂಗಳ ಕೊನೆಗೆ ಹಣ ಕೇಳಲು ಹೋದರೆ ಹೊಲಿಗೆಯವಳು ಮಹಡಿಯಲ್ಲಿ ಸ್ಟೂಲಿನ ಮೇಲೆ ನಿಂತು ಕದದ ತಿರುಪು ಬಿಚ್ಚುತ್ತಿದ್ದಳು. ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ಕೆಮ್ಮುತ್ತಿದ್ದರು.

“ಧೂಳು ಬರುತ್ತಲ್ಲಮ್ಮ, ಅವರಿಗೆ ದಮ್ಮು.”

“ಬರುತ್ತೆ,” ಅಂದಳು, ತಿರುಗಿ ನೋಡದೆ. “ಗೋಣಿಚೀಲ ತಂದಿಟ್ಟಿದೀನಿ. ಕಟ್ಟಿ ನಿಮಗೆ ಅಭ್ಯಾಸ ಇದೆಯಂತಲ್ಲ, ಸ್ವಲ್ಪ ಕೈ ಹಾಕಿ ಸಾರ್.”

ಅಣ್ಣಾ ಅನ್ನಲಿಲ್ಲ. ಅವನು ಪುಸ್ತಕ ಕೆಳಗಿಟ್ಟು ಚೀಲದ ಒಂದು ತುದಿ ಹಿಡಿದುಕೊಂಡ.