ಕೂಸಿನ ಎದೆ ಜೋರ

‘ಜೋರ’ ಎನ್ನುವ ಮಾತು ಕಿವಿಗೆ ಬಿದ್ದರೆ ನನಗೆ ಇಂದಿಗೂ ಮೈ ಉರಿಯುತ್ತದೆ.

ತೊಂಬತ್ತೆರಡರಲ್ಲಿ ಚಿಕ್ಕೋಡಿಯ ಒಂದು ಖಾಸಗಿ ಹೆರಿಗೆ ದವಾಖಾನೆಯಲ್ಲಿ ನಾನು ಹಿರಿಯ ನರ್ಸ್. ಹೊಟ್ಟೆಯೊಳಗಿನ ಕೂಸಿನ ಎದೆಬಡಿತ ಕೇಳಿ ಎಲ್ಲರೂ ಒಂದೇ ರೀತಿ ಬರೆದಿಡುವುದನ್ನು ಕಿರಿಯ ನರ್ಸ್ ಹುಡುಗಿಯರಿಗೆ ಕಲಿಸುವ ಕೆಲಸ ನನ್ನ ತಲೆಗೆ ಬಿದ್ದಿತ್ತು. ಕೊಳವೆಯನ್ನು ಹೊಟ್ಟೆಗೆ ಒತ್ತಿ ಕಿವಿ ಇಡಬೇಕು, ಸೆಕೆಂಡಿನ ಮುಳ್ಳು ಒಂದು ಸುತ್ತು ಬರುವವರೆಗೆ ಎಣಿಸಬೇಕು, ಅಂಕಿಯನ್ನೇ ಬರೆಯಬೇಕು. ಇದರಲ್ಲಿ ಬ್ರಹ್ಮವಿದ್ಯೆ ಏನೂ ಇಲ್ಲ.

ಆದರೆ ಹೆರಿಗೆ ಕೋಣೆಯಲ್ಲಿ ಗಡಿಯಾರವೇ ಇರಲಿಲ್ಲ, ಹುಡುಗಿಯರ ಕೈಯಲ್ಲೂ ವಾಚಿರಲಿಲ್ಲ! ಇದ್ದ ಒಂದು ದೊಡ್ಡ ಗಡಿಯಾರ ಡಾಕ್ಟರ್ ನೇಮಿನಾಥರ ಕುರ್ಚಿಯ ಹಿಂದೆ ಮೆರೆಯುತ್ತಿತ್ತು. ನಾನೇನು ಕೇಳದೆ ಬಿಟ್ಟವಳಲ್ಲ.

"ಸರ್, ಆ ಗಡಿಯಾರ ಒಳಗ ಹಾಕಿಸ್ರಿ. ಹುಡುಗ್ಯಾರು ಏನ ನೋಡಿ ಎಣಿಸಬೇಕು?"

"ಏ ಜಿನಮತಿಬಾಯಿ, ನಮ್ಮವ್ವ ಒಂಬತ್ತ ಹಡದಾಳ, ಯಾವ ಗಡಿಯಾರ ಇತ್ತು? ಬಡಿತ ಹ್ಯಾಂಗ ಐತಿ ಅಂತ ಒಂದ ಮಾತಿನ್ಯಾಗ ಬರೀರಿ, ಸಾಕು," ಎಂದು ನಕ್ಕರು.

ಆ ನಗು ನನಗೆ ಆಗುವುದಿಲ್ಲ. ಹುಡುಗಿಯರು ಮಾತಿನಲ್ಲೇ ಬರೆಯತೊಡಗಿದರು: ಬರೋಬರ, ಮಂದ, ಜೋರ.

ಐನಾಪುರದ ತಾರವ್ವ ಚೊಚ್ಚಲ ಹೆರಿಗೆಗೆ ಬಂದಳು. ಮದುವೆಯಾಗಿ ಎಷ್ಟೋ ವರ್ಷಕ್ಕೆ, ಚಿಂಚಲಿ ಮಾಯಕ್ಕನಿಗೆ ಹರಕೆ ಹೊತ್ತ ಮೇಲೆ ನಿಂತ ಬಸಿರು. ನನಗೆ ಅಂದು ರಜೆ. ಬೆಳಗಿನ ಪಾಳಿಯಲ್ಲಿದ್ದವಳು ನಿಪ್ಪಾಣಿಯ ಶೇವಂತಾ, ಮನೆಮಾತು ಮರಾಠಿ. ಕೂಸಿನ ಎದೆ ವಿಪರೀತ ಓಡುತ್ತಿದೆ, ಕೂಸು ಕಷ್ಟದಲ್ಲಿದೆ ಎಂದು ಅವಳಿಗೆ ದಿಗಿಲಾಯಿತು. ಡಾಕ್ಟರು ಊಟಕ್ಕೆ ಹೋಗಿದ್ದರು. ಊಟದ ಹೊತ್ತಿಗೆ ಕರೆದರೆ ಬೈಗುಳ. ಅವಳು ‘ಜೋರ’ ಎಂದು ಬರೆದು, ಮುಂದಿನವಳು ಓದಿ ಡಾಕ್ಟರಿಗೆ ಹೇಳುತ್ತಾಳೆಂದು ನಂಬಿ ಬಸ್ಸು ಹಿಡಿದಳು. ಅವಳ ಬಾಯಲ್ಲಿ ಜೋರ ಎಂದರೆ ವೇಗ, ಗಾಡಿ ಜೋರ ಓಡಿಸಿದ ಹಾಗೆ.

ಮುಂದಿನ ಪಾಳಿಗೆ ಬಂದ ಗಿರಿಜವ್ವ ಅಥಣಿ ಕಡೆಯ ಒಕ್ಕಲುತನದ ಮನೆಯವಳು. ಅವರ ಮನೆಯಲ್ಲಿ ಜೋರ ಎಂದರೆ ಗಟ್ಟಿಮುಟ್ಟು. ಹೋರಿ ಜೋರ, ಪೈಲ್ವಾನ ಜೋರ. ಓದಿ ಅವಳ ಮುಖ ಅರಳಿತು.

"ಚಿಂತಿ ಮಾಡಬ್ಯಾಡ ತಾರವ್ವಾ, ನಿನ್ನ ಕೂಸಿನ ಎದಿ ಜೋರ ಐತಿ!" ಎಂದು ಹೇಳಿ ಇನ್ನೊಬ್ಬಳ ಹೆರಿಗೆಗೆ ಓಡಿದಳು.

ಸಂಜೆ ಹುಟ್ಟಿದ ಕೂಸು ಅಳಲಿಲ್ಲ. ತಲೆತುಂಬ ಕೂದಲಿದ್ದ ಗಂಡು ಕೂಸು.

ನಾನು ರಜೆ ಮುಗಿಸಿ ಬಂದ ದಿನ ಡಾಕ್ಟರು ಶೇವಂತಾಳನ್ನು ಕೆಲಸದಿಂದ ತೆಗೆದರು. "ನೆಟ್ಟಗ ಕನ್ನಡ ಬರದವರನ್ನ ಇಟ್ಕೊಂಡ್ರ ಹಿಂಗ ಆಗೋದು," ಎಂದರು.

"ಕನ್ನಡ ಅಲ್ರಿ ಸರ್, ಗಡಿಯಾರ," ಎಂದೆ. ಮರುದಿನ ಬಂದು ನೋಡಿದರೆ ಗಡಿಯಾರ ಹೆರಿಗೆ ಕೋಣೆಯ ಗೋಡೆಯ ಮೇಲಿತ್ತು. ಥೂ! ಒಂದು ಮೊಳೆ ಹೊಡೆಯುವ ಕೆಲಸ. ಅದಕ್ಕೊಂದು ಕೂಸು ಹೋಗಬೇಕಾಯಿತು.

ಮನೆಗೆ ಹೊರಟ ದಿನ ತಾರವ್ವ ನನ್ನ ಕೈ ಹಿಡಿದಳು. ಅತ್ತು ಅತ್ತು ದನಿ ಬಿದ್ದುಹೋಗಿತ್ತು. ಬೈದರೆ ಬೈಯಲಿ ಎಂದು ನಿಂತೆ.

"ಅಕ್ಕಾರ, ದೇವರು ಕರಕೊಂಡ, ನೀವೇನ ಮಾಡ್ತೀರಿ? ಆದ್ರ ನನ್ನ ಮಗನ ಎದಿ ಭಾಳ ಜೋರ ಇತ್ತಂತ್ರಿ. ನರ್ಸಬಾಯಿ ತಾವಾಗೇ ಬಂದು ಹೇಳಿದ್ರು. ಅದೊಂದ ಸಮಾಧಾನ ನೋಡ್ರಿ."

"ಹೌದವಾ," ಎಂದೆ, "ಜೋರ ಇತ್ತು."