ಗುರುವಾರದವರೆಗೆ

ಶಹನಾ ಬಾಯಿ ಬಿಗಿದು ಕೂತಿದ್ದಳು. ಲೈಲಾ ಎಡಗೈಯಲ್ಲಿ ಅವಳ ಗಲ್ಲ ಹಿಡಿದು, ಹಾಲಿನಲ್ಲಿ ಅದ್ದಿದ ಬ್ರೆಡ್ಡಿನ ತುಂಡನ್ನು ತುಟಿಗೆ ಒತ್ತಿದಳು. ತುಂಡು ತುಟಿಯ ಮೇಲೆಯೇ ಮುದ್ದೆಯಾಗಿ ಯೂನಿಫಾರ್ಮಿನ ಮೇಲೆ ಬಿತ್ತು.

"ಇದೊಂದು ತಿನ್ನು ಮೋಳೇ. ಇದು ತಿಂದರೆ ಇವತ್ತಿನದ್ದು ಮುಗೀತದೆ."

"ಬೇಡ ಲೈಲಮ್ಮ. ಬಾಯಿ ಉರೀತದೆ."

ಉರಿಯುವುದು ಲೈಲಾಳಿಗೂ ಗೊತ್ತಿತ್ತು. ಮಗುವಿಗೆ ಹೊಟ್ಟೆನೋವಿರಲಿಲ್ಲ, ಭೇದಿ ಇರಲಿಲ್ಲ. ಇದ್ದದ್ದೆಲ್ಲ ಒಂದಕ್ಕೊಂದು ಸಂಬಂಧವಿಲ್ಲದ ತೊಂದರೆಗಳು. ಬಾಯಿಯ ಹುಣ್ಣು ಮಾಯುತ್ತಿರಲಿಲ್ಲ. ಹೊಸದಾಗಿ ಬಂದ ಹಲ್ಲುಗಳ ಮೇಲೆ ಕಂದು ಗೆರೆಗಳಿದ್ದವು. ಒಂದನೇ ಕ್ಲಾಸಿನಲ್ಲಿ ಹೊಲಿಸಿದ ಯೂನಿಫಾರ್ಮು ಮೂರನೇ ಕ್ಲಾಸಿನಲ್ಲೂ ಸಡಿಲವಾಗಿತ್ತು. ಕಾಲು ನೋವೆಂದು ಅಳು, ಕಾರಣವಿಲ್ಲದ ಸಿಟ್ಟು, ಎಲ್ಲಿ ತಾಗಿದರೂ ನೀಲಿಗಟ್ಟುವ ಮೈ. ಬೇಸಿಗೆ ರಜೆಯಲ್ಲಿ ಅವಳನ್ನು ಜಾಲ್ಸೂರಿನ ತನ್ನ ತವರಿಗೆ ಕರೆದುಕೊಂಡು ಹೋಗಿ ಒಂದು ತಿಂಗಳು ಇಟ್ಟುಕೊಂಡಾಗ ಇವೆಲ್ಲ ತಗ್ಗಿದವು. ಆ ಮನೆಯಲ್ಲಿ ಮೂರು ಹೊತ್ತೂ ಅಕ್ಕಿಯದ್ದೇ, ಗಂಜಿ ಇಲ್ಲವೇ ಪತ್ತಿರಿ ರೊಟ್ಟಿ. ಉಪ್ಪಿನಂಗಡಿಗೆ ಮರಳಿದ ಎರಡನೇ ವಾರ ಹುಣ್ಣುಗಳು ಮತ್ತೆ ಬಂದವು, ಹಿಂದೆಯೇ ಮೈಮೇಲಿನ ನೀಲಿ ಕಲೆಗಳೂ ಬಂದವು. ಈ ಮನೆಯಲ್ಲಿ ಬೆಳಿಗ್ಗೆ ಸಂಜೆ ಬ್ರೆಡ್ಡು, ರಸ್ಕು.

ಪುತ್ತೂರಿನ ಮಕ್ಕಳ ಡಾಕ್ಟರ್ ಪ್ರೀತಿಕಾ ಇದನ್ನು ಕೇಳಿ ನಗಲಿಲ್ಲ. ಸೀಲಿಯಾಕ್ ಎಂಬ ಕಾಯಿಲೆಯೊಂದಿದೆ, ಅದಿರುವವರಿಗೆ ಗೋಧಿ, ಮೈದಾ ಆಗುವುದಿಲ್ಲ, ತಿಂದದ್ದರ ಸಾರ ಮೈಗೆ ಹತ್ತುವುದಿಲ್ಲ ಎಂದರು. ಕಲೆಗಳು ಹೆಚ್ಚದ ಹಾಗೆ ಇಂಜೆಕ್ಷನ್ ಕೊಟ್ಟು, ರಕ್ತವನ್ನು ಪರೀಕ್ಷೆಗೆ ಕಳುಹಿಸಿದರು. ಗುರುವಾರ ಮಂಗಳೂರಿನಲ್ಲಿ ಕರುಳಿನ ಪರೀಕ್ಷೆಗೆ ದಿನ ಗೊತ್ತುಮಾಡಿದರು. "ಅಲ್ಲಿಯವರೆಗೆ ಗೋಧಿ ನಿಲ್ಲಿಸಬೇಡಿ. ನಿಲ್ಲಿಸಿದ್ರೆ ಕರುಳು ವಾಸಿಯಾಗ್ಲಿಕ್ಕೆ ಶುರುವಾಗ್ತದೆ, ಕಾಯಿಲೆ ಇದ್ದರೂ ಗೊತ್ತಾಗುದಿಲ್ಲ. ದಿನಕ್ಕೆ ಎರಡು ತುಂಡು ಬ್ರೆಡ್ಡಾದರೂ ಹೊಟ್ಟೆಗೆ ಹೋಗಬೇಕು."

ಇವತ್ತು ಸೋಮವಾರ. ಮಾತಾಡಲು ತೆರೆದ ಬಾಯಿಯೊಳಗೆ ಲೈಲಾ ತುಂಡನ್ನು ತುರುಕಿದಳು. ಶಹನಾ ಬ್ರೆಡ್ಡಿನ ಜೊತೆಗೆ ಅವಳ ಬೆರಳನ್ನೂ ಕಚ್ಚಿದಳು. ಹಲ್ಲು ಚರ್ಮ ದಾಟಿ ಇಳಿಯಿತು. ಎಳೆದರೂ ಬಿಡಲಿಲ್ಲ, ಗದರಿದರೂ ಬಿಡಲಿಲ್ಲ. ಲೈಲಾಳ ಇನ್ನೊಂದು ಕೈ ಎದ್ದು ಮಗುವಿನ ಕೆನ್ನೆಗೆ ಬಿತ್ತು. ಬಿದ್ದ ಸದ್ದು ಕೇಳಿದ ಮೇಲೆಯೇ ತಾನು ಹೊಡೆದದ್ದು ಅವಳಿಗೆ ತಿಳಿದದ್ದು.

ಮದುವೆಯಾಗಿ ಈ ಮನೆಗೆ ಬಂದ ಎರಡು ವರ್ಷಗಳಲ್ಲಿ ಅವಳು ಆ ಮಗುವಿನ ಮೇಲೆ ಕೈ ಮಾಡಿದ್ದು ಅದೇ ಮೊದಲು. ಅಡುಗೆಮನೆಯ ಬಾಗಿಲಲ್ಲಿ ಹಕೀಮ್ ನಿಂತಿದ್ದ.

ಹಕೀಮ್ ಶಹನಾಳ ಹೆತ್ತ ತಾಯಿ ರಹ್ಮತಳ ಅಣ್ಣ. ಉಪ್ಪಿನಂಗಡಿ ಪೇಟೆಯಲ್ಲಿ ಅವನ ಬೇಕರಿ. ತಂಗಿ ತೀರಿಕೊಂಡ ಮೇಲೆ ಅವಳ ಗಂಡ ಇಮ್ತಿಯಾಝ್ ಲೈಲಾಳನ್ನು ಮದುವೆಯಾಗಿ, ರಜೆ ಮುಗಿದ ಕೂಡಲೇ ದಮ್ಮಾಮಿನ ಕೆಲಸಕ್ಕೆ ಮರಳಿದ್ದ. ಅಂದಿನಿಂದ ಹಕೀಮ್ ವಾರಕ್ಕೆ ಎರಡು ಸಲ ಬಂದು, ಬ್ರೆಡ್ಡು, ಬನ್ನು, ರಸ್ಕಿನ ಕಟ್ಟನ್ನು ತಂಗಿಯ ಮಗಳ ಕೈಗೆ ಕೊಟ್ಟು, ಅಂಗಳದಿಂದಲೇ ತಿರುಗಿ ಹೋಗುತ್ತಿದ್ದ. ಕಾಯಿಲೆಯ ವಿಷಯ ಅವನಿಗೆ ಗೊತ್ತಿರಲಿಲ್ಲ. ರಿಪೋರ್ಟು ಬರುವವರೆಗೆ ಹೇಳುವುದು ಬೇಡ, ಬ್ರೆಡ್ಡಿನಿಂದ ಕಾಯಿಲೆ ಅಂದರೆ ಜಗಳಕ್ಕೆ ಬರುತ್ತಾರೆ ಎಂದು ಇಮ್ತಿಯಾಝನೇ ಫೋನಿನಲ್ಲಿ ತಡೆದಿದ್ದ.

ಹಕೀಮನಿಗೆ ಇವತ್ತು ಬೇರೊಂದು ಫೋನು ಬಂದಿತ್ತು. ಮಗುವಿನ ತೊಡೆಯಲ್ಲಿ, ಬೆನ್ನಿನಲ್ಲಿ ನೀಲಿ ಕಲೆಗಳುಂಟು, ಕೇಳಿದರೆ ಹೇಳುವುದಿಲ್ಲ, ಮನೆಯಲ್ಲಿ ಸ್ವಲ್ಪ ವಿಚಾರಿಸಿ ಎಂದು ಶಾಲೆಯ ಟೀಚರು ಹೇಳಿದ್ದರು.

"ಹಾಗಾದರೆ ಟೀಚರು ಹೇಳಿದ್ದು ಸರಿ," ಎಂದ ಹಕೀಮ್.

"ಹಕೀಮ್ ಕಾಕ, ಕೂತುಕೊಳ್ಳಿ. ಹೇಳ್ತೇನೆ. ಡಾಕ್ಟರು..."

ಅವನು ಅವಳ ಶಾಲಿನ ಸಮೇತ ಕೂದಲನ್ನು ಹಿಡಿದ. ಮೊದಲ ಏಟಿಗೆ ತುಟಿ ಒಡೆಯಿತು. ಎರಡನೆಯದು ಕಿವಿಯ ಮೇಲೆ ಬಿದ್ದು, ಆಮೇಲೆ ಅವನು ಏನು ಹೇಳುತ್ತಿದ್ದಾನೆಂದು ಅವಳಿಗೆ ಸರಿಯಾಗಿ ಕೇಳಿಸಲಿಲ್ಲ. ಎಳೆದು ಗೋಡೆಗೆ ದಬ್ಬಿದ. ಸೊಂಟ ಅಡುಗೆ ಕಟ್ಟೆಯ ಅಂಚಿಗೆ ಬಡಿದು, ಹಾಲಿನ ಪಾತ್ರೆ ಉರುಳಿ, ಅವಳು ಆ ಹಾಲಿನಲ್ಲಿಯೇ ಜಾರಿ ಬಿದ್ದಳು.

"ಕೇಳುವವರಿಲ್ಲ ಅಂತ ಗ್ರಹಿಸಿದಿಯಾ? ತಾಯಿ ಸತ್ತ ಮಗು ಅಂತ ಗ್ರಹಿಸಿದಿಯಾ?" ಅವನು ಅಳುತ್ತಿದ್ದ. ಅಳುತ್ತಲೇ ಕಾಲಿನಿಂದ ಒದೆದ.

ಲೈಲಾ ಮುಖಕ್ಕೆ ಕೈ ಅಡ್ಡ ಹಿಡಿದುಕೊಂಡಳು. ಆಗ ಶಹನಾ ಓಡಿಬಂದು ಅವನು ಎತ್ತಿದ ಕೈಗೆ ಜೋತುಬಿದ್ದಳು. "ಮಾಮ, ಬಿಡಿ ಮಾಮ."

"ನೀನು ಆಚೆ ಹೋಗು," ಎಂದು ಹಕೀಮ್ ಅವಳ ಮುಂಗೈ ಹಿಡಿದು ಬದಿಗೆ ಎಳೆದ. ಸಿಟ್ಟಿನಲ್ಲಿ ಎಳೆದದ್ದಲ್ಲ. ಏಟು ಅವಳಿಗೆ ತಾಗಬಾರದೆಂದು ಎಳೆದದ್ದು.

ಮೂಳೆ ಮುರಿದ ಸದ್ದು ಸಣ್ಣದಾಗಿತ್ತು. ಅದು ಮೂವರಿಗೂ ಕೇಳಿಸಿತು.

ಶಹನಾ ಮೊದಲು ಅಳಲಿಲ್ಲ. ಮಣಿಕಟ್ಟಿಗೂ ಮೊಣಕೈಗೂ ನಡುವೆ, ಬಾಗಬಾರದ ಕಡೆ ಬಾಗಿದ್ದ ತನ್ನ ಕೈಯನ್ನು ನೋಡಿದಳು. ನೋಡಿದ ಮೇಲೆ ಕಿರುಚಿದಳು. ಪಕ್ಕದ ಮನೆಯ ಬೀಬಿ ಓಡಿಬಂದು ಹೊಸ್ತಿಲಲ್ಲೇ ನಿಂತುಬಿಟ್ಟಳು.

"ನಾನು ಹಿಡಿದದ್ದು ಮಾತ್ರ," ಎಂದ ಹಕೀಮ್. "ಹಿಡಿದದ್ದು ಮಾತ್ರ ನಾನು."

ಲೈಲಾ ಎದ್ದಳು. ಬಾಯಿಗೆ ಬಂದ ರಕ್ತವನ್ನು ಉಗಿದು, ಶಾಲೆಯ ಚೀಲದಿಂದ ದಪ್ಪದ ನೋಟುಪುಸ್ತಕವೊಂದನ್ನು ಎಳೆದು ಮಗುವಿನ ಕೈಯ ಅಡಿಗೆ ಕೊಟ್ಟು, ತನ್ನ ಶಾಲಿನಿಂದ ಸುತ್ತಿ ಕಟ್ಟಿದಳು. ಶಹನಾ ಕಾಲು ಝಾಡಿಸಿ ಒದೆಯುತ್ತಿದ್ದಳು. ಒದೆತಗಳು ಒಡೆದ ತುಟಿಗೂ ತಾಗಿದವು. ಕಟ್ಟು ಮುಗಿಯುವವರೆಗೆ ಲೈಲಾ ತಲೆಯೆತ್ತಲಿಲ್ಲ.

"ನೋಡುದೆಂತ? ಆಟೋ ತನ್ನಿ," ಎಂದಳು.

ಮೂಸಕುಂಞಿಯ ಆಟೋದಲ್ಲಿ ಪುತ್ತೂರಿಗೆ ಹೋದರು. ಆಸ್ಪತ್ರೆಯಲ್ಲಿ ಮೂಳೆ ಕೂಡಿಸಲು ಅರಿವಳಿಕೆ ಕೊಡುವಾಗ ಇಬ್ಬರು ನರ್ಸುಗಳು ಮಗುವನ್ನು ಹಿಡಿದುಕೊಳ್ಳಬೇಕಾಯಿತು. ಅದು ಹತ್ತುವ ಮೊದಲು ಅವಳು ಕೂಗಿದ್ದು ಹೊರಗಿನ ಹಾದಿಯವರೆಗೆ ಕೇಳಿಸಿತು. ಅಲ್ಲಿ ಹಕೀಮ್ ಗೋಡೆಗೆ ಮುಖ ಮಾಡಿ ನಿಂತು ಬಲಗೈ ಮುಷ್ಟಿಯಿಂದ ಗೋಡೆಗೆ ಗುದ್ದುತ್ತಿದ್ದ. ಗೆಣ್ಣು ಸುಲಿದು ಸುಣ್ಣದ ಮೇಲೆ ರಕ್ತ ಹತ್ತಿತು.

"ಹಾಗೆ ಮಾಡ್ಬೇಡಿ ಮಾರಾಯ್ರೆ. ಒಳಗೆ ಮಕ್ಕಳು ಮಲಗಿದ್ದಾರೆ," ಎಂದು ಆಯಾ ಗದರಿದಳು.

ಸುಮಾರು ಹೊತ್ತಿನ ಮೇಲೆ ಡಾಕ್ಟರ್ ಪ್ರೀತಿಕಾ ಇಬ್ಬರನ್ನೂ ಒಳಗೆ ಕರೆದು ಕಂಪ್ಯೂಟರಿನಲ್ಲಿ ಎಕ್ಸ್‌ರೇ ತೋರಿಸಿದರು.

"ಈ ಪ್ರಾಯಕ್ಕೆ ಮೂಳೆ ಬೆಳ್ಳಗೆ ಕಾಣಬೇಕಿತ್ತು. ಇಲ್ಲಿ ನೋಡಿ, ಹಿಂದೆ ಇರುವ ಮಾಂಸಕ್ಕೂ ಇದಕ್ಕೂ ವ್ಯತ್ಯಾಸ ಕಾಣುದಿಲ್ಲ. ತಿಂದದ್ದರಿಂದ ಸುಣ್ಣದ ಅಂಶ ಸಿಕ್ಕೇ ಇಲ್ಲ ಇದಕ್ಕೆ. ಗೋಧಿ ಆಗದ ಕಾಯಿಲೆಯೊಂದುಂಟು, ಮೈ ನೀಲಿಗಟ್ಟುದೂ ಅದರಿಂದಲೇ ಇರಬಹುದು. ಗುರುವಾರದ ಪರೀಕ್ಷೆ ಆಗದೆ ನಾನು ಖಂಡಿತ ಅಂತ ಹೇಳುವ ಹಾಗಿಲ್ಲ. ಆದ್ರೆ ಇವರು ಹೇಳಿದ್ದಕ್ಕೆ ಇದೂ ಸೇರ್ತದೆ." ಅವರು ಲೈಲಾಳ ಕಡೆಗೆ ನೋಡಿದರು. "ಯಾರು ಎಳೆದದ್ದು?"

"ನಾನು," ಎಂದ ಹಕೀಮ್.

"ಕೆನ್ನೆಯಲ್ಲಿ ಬೆರಳಿನ ಗುರುತು ಉಂಟು."

"ಅದು ನಾನು," ಎಂದಳು ಲೈಲಾ. "ಇವತ್ತು. ಬ್ರೆಡ್ಡು ತಿನ್ನಲಿಲ್ಲ ಅಂತ."

"ನಿಮ್ಮ ತುಟಿ?"

"ಅದನ್ನು ಅವರೇ ಹೇಳಲಿ."

ಹಕೀಮ್ ಸುಲಿದ ಕೈಯನ್ನು ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡ. "ಅದೂ ನಾನೇ," ಎಂದ.

"ಇದನ್ನೆಲ್ಲ ನಾನು ಬರೀಬೇಕಾಗ್ತದೆ. ಪೊಲೀಸಿಗೂ ತಿಳಿಸಬೇಕಾಗ್ತದೆ."

"ಬರೀರಿ." ಅವನ ಸ್ವರ ಎದ್ದಿರಲಿಲ್ಲ. "ಮೇಡಂ, ಗೋಧಿ ಅಂದ್ರಿ. ಮೈದಾವೂ ಅದೇ ಅಲ್ವಾ?"

"ಅದೇ. ಬ್ರೆಡ್ಡು, ಬನ್ನು, ಪರೋಟ ಎಲ್ಲಾ."

"ನಮ್ಮದು ಬೇಕರಿ," ಎಂದ ಹಕೀಮ್. ಡಾಕ್ಟರು ಬರೆಯುವುದನ್ನು ನಿಲ್ಲಿಸಿ ಅವನನ್ನು ನೋಡಿದರು. ಅವರು ಕಾಗದ ಮಡಚಿ ಕೊಡುವಾಗ ಅವನು ಕೇಳಿದ: "ಇನ್ನು ಇವತ್ತಿನಿಂದ ಅದು ಬೇಡ ಅಲ್ವಾ?"

"ಇನ್ನು ಮೂರು ದಿನ ಬೇಕು. ಈಗ ನಿಲ್ಲಿಸಿದ್ರೆ ಇಷ್ಟು ದಿನ ತಿನ್ನಿಸಿದ್ದೂ ದಂಡ."

"ಇಷ್ಟಾದ ಮೇಲೂ ತಿನ್ನಿಸುದಾ?"

ಲೈಲಾ ಎದ್ದು ನಿಂತಳು. ಕಿವಿಯಲ್ಲಿ ಇನ್ನೂ ಗುಂಯ್‌ಗುಟ್ಟುತ್ತಿತ್ತು. "ತಿನ್ನಿಸುದು ನಾನೇ," ಎಂದಳು. "ನೀವು ಎದುರು ಕೂತು ನೋಡಿ."

ಸಂಜೆಯ ಹೊತ್ತಿಗೆ ಬಿಟ್ಟರು. ಶಹನಾ ಅರೆನಿದ್ದೆಯಲ್ಲಿದ್ದಳು. ಭುಜದವರೆಗೆ ಹಸಿ ಪ್ಲಾಸ್ಟರಿನ ಭಾರ. ಮೂಸಕುಂಞಿ ಆಟೋವನ್ನು ಮೆಟ್ಟಿಲಿನ ಹತ್ತಿರ ತಂದಾಗ ಹಕೀಮ್ ಮಗುವನ್ನು ಎತ್ತಿಕೊಳ್ಳಲು ಕೈ ಚಾಚಿ, ಅರ್ಧದಲ್ಲೇ ಹಿಂದೆ ತೆಗೆದುಕೊಂಡ. ಲೈಲಾ ಸೊಂಟದ ನೋವಿಗೆ ಹಲ್ಲು ಕಚ್ಚಿ ತಾನೇ ಎತ್ತಿ, ತೊಡೆಯ ಮೇಲೆ ಮಲಗಿಸಿಕೊಂಡಳು. ಅವನು ಡ್ರೈವರಿನ ಪಕ್ಕದಲ್ಲಿ ತುದಿಗೆ ಕೂತ.

"ನಿಧಾನ ಹೋಗು," ಎಂದ.

ಹಿಂದಿನಿಂದ ಬಂದ ಬಸ್ಸು ಹಾರ್ನು ಹೊಡೆದು ದಾಟಿತು. ಪ್ರತಿ ಹಂಪಿನಲ್ಲೂ ಶಹನಾ ನಿದ್ದೆಗಣ್ಣಿನಲ್ಲಿ ನರಳುತ್ತಿದ್ದಳು. ಹಕೀಮ್ ತಿರುಗಿ ನೋಡುತ್ತಿದ್ದ.

ಉಪ್ಪಿನಂಗಡಿ ಹತ್ತಿರವಾದಾಗ ಒಂದು ಕಡೆ ರಸ್ತೆ ಅಗೆದು ಜಲ್ಲಿ ಸುರಿದಿದ್ದರು. ಆಟೋ ಒಂದು ಸಲ ಕುಲುಕಿತು. ಶಹನಾ ಕಣ್ಣು ಬಿಟ್ಟು ಅಳತೊಡಗಿದಳು.

"ನಿಲ್ಲಿಸು ಮಾರಾಯ," ಎಂದು ಹಕೀಮ್ ಇಳಿದ. ಮುಂದೆ ಹೋಗಿ, ಬಾಗಿ, ಚಕ್ರ ಹಾಯುವ ಜಾಗದ ಕಲ್ಲುಗಳನ್ನು ಒಂದೊಂದಾಗಿ ಹೆಕ್ಕಿ ಬದಿಗೆ ಇಡತೊಡಗಿದ. ಹಿಂದೆ ವಾಹನಗಳು ಸಾಲುಗಟ್ಟಿ ಹಾರ್ನು ಹೊಡೆದವು. ಯಾರೋ ಬೈದರು. ಅವನು ತಲೆಯೆತ್ತಲಿಲ್ಲ. ಮೂಸಕುಂಞಿ ಕ್ಲಚ್ಚು ಹಿಡಿದು, ಅವನ ಬೆನ್ನಿನ ಹಿಂದೆ, ನಡೆಯುವುದಕ್ಕಿಂತಲೂ ಮೆಲ್ಲಗೆ ಆಟೋ ಬಿಡುತ್ತ ಹೋದ.