ಅರ್ಧ ಬೆಳಗಿದ ದೀಪ

ನಾನು ಒಂದು ಕಂಚಿನ ದೀಪ. ಒಂದು ಮೊಳ ಎತ್ತರ, ತುದಿಯಲ್ಲಿ ಒಂದು ಹಂಸ. ಹಂಸದ ಕತ್ತು ಸ್ವಲ್ಪ ಎಡಕ್ಕೆ ವಾಲಿದೆ. ಅದನ್ನು ನೋಡಿ ಒಬ್ಬ ಪಂಡಿತರು 'ಶಿಲ್ಪಿಯ ಅಪೂರ್ವ ಕಲ್ಪನೆ' ಎಂದು ಬರೆದಿದ್ದಾರೆ. ಕಲ್ಪನೆಯೂ ಇಲ್ಲ, ಮಣ್ಣೂ ಇಲ್ಲ. ಕಂಚುಗಾರ ನನ್ನನ್ನು ಮೊದಲು ಮೇಣದಲ್ಲಿ ಮಾಡಿ ನೆರಳಿಗಿಟ್ಟು ಊಟಕ್ಕೆ ಹೋಗಿದ್ದ. ಬರುವಷ್ಟರಲ್ಲಿ ಬಿಸಿಲು ಸರಿದು ಬಂದು ಕತ್ತು ಬಾಗಿತ್ತು. 'ಇರಲಿ' ಅಂದ. ಮೇಣದ ಮೇಲೆ ಮಣ್ಣು ಮೆತ್ತಿ, ಸುಟ್ಟು, ಮೇಣ ಕರಗಿಹೋದ ಜಾಗಕ್ಕೆ ಕಾದ ಕಂಚು ಹೊಯ್ದ. ಕೊನೆಗೆ ಅಚ್ಚನ್ನು ಒಡೆದ. ಹೀಗಾಗಿ ನನ್ನಂಥದು ಇನ್ನೊಂದಿಲ್ಲ, ಇದರ ಬಗ್ಗೆ ನನಗೆ ಒಂದಿಷ್ಟು ಜಂಬವೂ ಇದೆ.

ಒಬ್ಬ ಸೆಟ್ಟಿ ನನ್ನನ್ನು ಊರ ಬಸದಿಗೆ ಕೊಟ್ಟ. ಅಲ್ಲಿ ಏಳುನೂರು ವರ್ಷ ಉರಿದೆ. ಹುಣ್ಣಿಮೆ ಬಂತೆಂದರೆ ಒಬ್ಬ ಹೆಂಗಸು ನನ್ನನ್ನು ಬಾವಿಕಟ್ಟೆಗೆ ಒಯ್ದು ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕುತ್ತಿದ್ದಳು. ಅವಳಿಗೆ ವಯಸ್ಸಾದ ಮೇಲೆ ಸೊಸೆ ತಿಕ್ಕುತ್ತಿದ್ದಳು. ಸೆಟ್ಟಿಯ ಹೆಸರು ಬಸದಿಯ ಕಲ್ಲಿನ ಮೇಲಿತ್ತು. ತಿಕ್ಕಿದವರ ಹೆಸರನ್ನು ಯಾರೂ ಬರೆಯಲಿಲ್ಲ. ನನಗೆ ಅವರ ಬೆರಳುಗಳು ಮಾತ್ರ ನೆನಪಿವೆ.

ಬಸದಿಯ ಮಾಡು ಬಿದ್ದ ಮೇಲೆ ನನ್ನನ್ನು ಗೋಣಿಚೀಲದಲ್ಲಿ ಕಟ್ಟಿ ಮೂಲೆಗಿಟ್ಟರು. ಬಿಳಿಯ ಸಾಹೇಬನೊಬ್ಬ ಸರ್ವೆಗೆ ಬಂದವನು ನನ್ನನ್ನು ಎತ್ತಿಕೊಂಡು ಹೋಗಿ ಬಂಗಲೆಯ ಪಡಸಾಲೆಯಲ್ಲಿ ನಿಲ್ಲಿಸಿದ. ಹಂಸದ ಕತ್ತಿಗೆ ಅವನ ಟೋಪಿ ಸರಿಯಾಗಿ ಕೂರುತ್ತಿತ್ತು. ದೇವರ ಮುಂದೆ ಉರಿದವಳಿಗೆ ಟೋಪಿ ಹೊರುವ ಕೆಲಸ. ಅವನು ತನ್ನ ದೇಶಕ್ಕೆ ಹೋಗುವಾಗ ನನ್ನನ್ನು ಜಿಲ್ಲೆಯ ಮುಖ್ಯ ಊರಿನ ಒಂದು ಹಳೆಯ ಕಟ್ಟಡಕ್ಕೆ ಕೊಟ್ಟ. ಜನ ಅದನ್ನು ಅಜಬಖಾನೆ, ಅಂದರೆ ಸೋಜಿಗದ ವಸ್ತುಗಳ ಮನೆ, ಎನ್ನುತ್ತಿದ್ದರು. ನನ್ನ ಒಂದು ಕಡೆ ಹೊಟ್ಟೆಗೆ ಹುಲ್ಲು ತುಂಬಿದ ಮೊಸಳೆ, ಇನ್ನೊಂದು ಕಡೆ ಗಾಜಿನ ಭರಣಿಯಲ್ಲಿ ಎರಡು ತಲೆಯ ಕರು. ಜನ ಮೊಸಳೆ ನೋಡಲು ಬರುತ್ತಿದ್ದರು. ನನ್ನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಹೊಸ ಕಟ್ಟಡವಾಯಿತು, ವಸ್ತುಸಂಗ್ರಹಾಲಯ ಎಂಬ ದೊಡ್ಡ ಹೆಸರೂ ಬಂತು. ಮೊಸಳೆ ಕಾಲೇಜಿಗೆ ಹೋಯಿತು. ನಮ್ಮನ್ನು ಶತಮಾನದ ಪ್ರಕಾರ ಸಾಲಾಗಿ ನಿಲ್ಲಿಸಿ, ಪಾದಕ್ಕೆ ಬಿಳಿ ಬಣ್ಣದಲ್ಲಿ ನಂಬರು ಬರೆದು, ಗಾಜಿನೊಳಗೆ ಕೂಡಿಸಿದರು. 'ಮುಟ್ಟಬಾರದು' ಎಂಬ ಹಲಗೆ ಹಾಕಿದರು. ಹಳ್ಳಿಯವರು ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಬಂದು ಗಾಜಿಗೆ ಕೈಮುಗಿಯುತ್ತಿದ್ದರು. ಅಷ್ಟರಲ್ಲಿ ನನ್ನ ಮೈ ಹಸಿರಾಗಿತ್ತು. ಗೋಣಿಚೀಲದಲ್ಲಿ ಶುರುವಾದ ಹಸಿರು ನೂರು ಚಿಲ್ಲರೆ ವರ್ಷದಲ್ಲಿ ಮೈಯೆಲ್ಲ ಹಬ್ಬಿತ್ತು.

ಈಚಿನ ಕಾಲದ ಕ್ಯುರೇಟರ್ ಹುದ್ದಾರ ಅವರು ಆ ಹಸಿರನ್ನು ಮಗುವಿನ ಹಾಗೆ ಕಾಪಾಡಿದರು. ಕೈಗವಸು ಇಲ್ಲದೆ ತಾವೂ ಮುಟ್ಟುತ್ತಿರಲಿಲ್ಲ. ಕಸ ಗುಡಿಸಿ ಗಾಜು ಒರೆಸಲು ಬಾಳವ್ವ ಎಂಬ ಹೆಂಗಸು ಇದ್ದಳು. ಗಂಡನಿಲ್ಲದ ಮನೆಗೆ ಅವಳ ದುಡಿಮೆಯೇ ಆಧಾರ. ಹನ್ನೆರಡು ವರ್ಷ ದಿನಗೂಲಿಯ ಮೇಲೆ ದುಡಿದಿದ್ದಳು. ಆ ವರ್ಷ ಕಾಯಂ ಆಗುವವರ ಪಟ್ಟಿಯಲ್ಲಿ ಅವಳ ಹೆಸರು ಬಂದಿತ್ತು, ದೀಪಾವಳಿಯ ಹೊತ್ತಿಗೆ ಆದೇಶ ಕೈಗೆ ಬರುವುದಿತ್ತು.

ಅದಕ್ಕೆ ಮೊದಲು ಖಂಡೇಪೂಜೆ, ಅಂದರೆ ನವರಾತ್ರಿಯ ಆಯುಧಪೂಜೆ ಬಂತು. ಸಿಬ್ಬಂದಿಯೆಲ್ಲ ಸೇರಿ ಜೀಪು ತೊಳೆದರು, ಕಂಪ್ಯೂಟರಿಗೆ ಹೂ ಏರಿಸಿದರು, ಕಸಬರಿಗೆಗೂ ಕುಂಕುಮ ಹಚ್ಚಿದರು. ಬಾಳವ್ವ ಒರೆಸಲೆಂದು ತನ್ನ ಬಳಿ ಇದ್ದ ಕೀಲಿಕೈಯಿಂದ ಗಾಜಿನ ಬೀಗ ತೆಗೆದು, ನನ್ನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕುಳಿತಳು. ಪಕ್ಕದ ಬಟ್ಟಲಲ್ಲಿ ನೆನೆಸಿದ ಹುಣಸೆಹಣ್ಣು, ಬೂದಿ ಇತ್ತು. ಮೊದಲ ತಿಕ್ಕಿಗೇ ನನಗೆ ಬಾವಿಕಟ್ಟೆಯ ಆ ಕೈಗಳ ಗುರುತು ಸಿಕ್ಕಿತು. ಸುಳ್ಳು ಹೇಳುವುದಿಲ್ಲ, ಸುಖವಾಯಿತು.

ಬಲಗಡೆ ಮುಗಿಯುವ ಹೊತ್ತಿಗೆ ಹುದ್ದಾರರು ಬಂದರು.

"ಬಾಳವ್ವ, ಕೈ ತಗಿ."

"ಇನ್ನ ಅರ್ಧ ಉಳದೈತ್ರಿ ಸಾಹೇಬ್ರ. ಮುಗಿಸಿಬಿಡ್ತೀನಿ."

"ಏನ್ ಮಾಡಾಕತ್ತೀಯವಾ ನೀನು?"

"ಹಬ್ಬ ಅಲ್ರಿ. ಕಸಬರಿಗಿಗೆ ಸೈತ ಕುಂಕುಮ ಹಚ್ಚೀವಿ. ಇದೊಂದ ಕಿಲುಬು ಹಿಡದು ಕುಂತಿತ್ತು. ನೋಡಾಕ ಆಗಲಿಲ್ಲ."

ಹುದ್ದಾರರು ಅವಳ ಎದುರು ನೆಲಕ್ಕೇ ಕುಳಿತುಬಿಟ್ಟರು. "ಅದು ಕಿಲುಬಲ್ಲ, ಅದರ ತೊಗಲು. ಅದು ಒಳಗಿನ ಕಂಚನ್ನ ಕಾಯ್ತದ. ದೀಪ ಎಲ್ಲೆಲ್ಲಿ ಇತ್ತು, ಎಷ್ಟು ವರ್ಷ ಇತ್ತು ಅನ್ನೂದನ್ನ ಅದರಿಂದನ ಓದಬೇಕು. ಒಮ್ಮೆ ಹೋತಂದ್ರ ತಿರುಗಿ ಬರೂದಿಲ್ಲ."

ಬಾಳವ್ವ ಬೂದಿ ಮೆತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಮುಟ್ಟಬಾರದು ಅಂತ ಬರದಿದ್ರಿ. ಅದು ನೋಡಾಕ ಬರೋ ಮಂದಿಗೆ ಅಂತ ತಿಳಕೊಂಡಿದ್ದೆ. ಯಾಕ ಮುಟ್ಟಬಾರದು ಅಂತ ನನಗ ಯಾರೂ ಹೇಳಲಿಲ್ರಿ."

ಹುದ್ದಾರರು ಅಂದೇ ಮೇಲಿನವರಿಗೆ ವರದಿ ಬರೆಯಲು ಕುಳಿತರು. ವರದಿಯಲ್ಲಿ ನಡೆದದ್ದನ್ನು ಇದ್ದ ಹಾಗೆ ಬರೆದರು, ಹೇಳಿಕೊಡದೆ ಇದ್ದ ತಪ್ಪು ತಮ್ಮದು ಎಂದೂ ಬರೆದರು. ಮೇಲಿನವರು ಮೊದಲ ಭಾಗ ಓದಿದರು, ಎರಡನೆಯದನ್ನು ಓದಿದಂತೆ ಕಾಣಲಿಲ್ಲ. ಪಟ್ಟಿಯಿಂದ ಬಾಳವ್ವನ ಹೆಸರು ತೆಗೆದರು. ಮುಂದಿನ ತಿಂಗಳಿಂದ ಅವಳಿಗೆ ಕೆಲಸವೂ ಇಲ್ಲವಾಯಿತು. ಕೀಲಿಕೈ ಒಪ್ಪಿಸಿ ಹೋಗುವಾಗ ಅವಳು ನನ್ನ ಕಡೆ ನೋಡಲಿಲ್ಲ. ಅವಳ ಹನ್ನೆರಡು ವರ್ಷ ನನ್ನ ಅರ್ಧ ಮೈಗೆ ಹೋಯಿತಲ್ಲ ಎಂದು ನನಗೆ ಬಹಳ ನೋವಾಯಿತು.

ನನ್ನನ್ನು ಉಗ್ರಾಣಕ್ಕೆ ಹಾಕಿ ಎಂದು ಕೆಲವರು ಹೇಳಿದರು. ಹುದ್ದಾರರು ಕೇಳಲಿಲ್ಲ. ಅರ್ಧ ಹಸಿರು, ಅರ್ಧ ಹಳದಿಯಾಗಿಯೇ ಬಾಗಿಲ ಎದುರು ನಿಲ್ಲಿಸಿ ಹೊಸ ಹಲಗೆ ಹಾಕಿದರು: 'ಎಡಗಡೆಯ ಹಸಿರು, ನೂರಕ್ಕೂ ಹೆಚ್ಚು ವರ್ಷ ಯಾರೂ ತಿಕ್ಕದೆ ಬಂದದ್ದು. ಬಲಗಡೆಯ ಹೊಳಪು, ಇಲ್ಲಿ ಕೆಲಸ ಮಾಡಿದ ಬಾಳವ್ವ ತಳವಾರ ಖಂಡೇಪೂಜೆಯ ದಿನ ತಿಕ್ಕಿದ್ದು. ಅದಕ್ಕೂ ಮೊದಲು ಏಳುನೂರು ವರ್ಷ ಹೆಂಗಸರು ಈ ದೀಪವನ್ನು ಹೀಗೆಯೇ ಬೆಳಗಿದ್ದರು.' ತಿಕ್ಕಿದವರ ಹೆಸರು ಬರೆದದ್ದು ಇದೇ ಮೊದಲು. ಹೆಸರಿನಿಂದ ಹೊಟ್ಟೆ ತುಂಬುವುದಿಲ್ಲ, ಅದು ನನಗೂ ಗೊತ್ತು.

ಒಂದು ವರ್ಷದ ಮೇಲೆ ಹುದ್ದಾರರು ಹೇಳಿಕಳಿಸಿದ್ದಕ್ಕೆ ಬಾಳವ್ವ ಬಂದಳು. ಚಪ್ಪಲಿ ಹೊರಗೆ ಬಿಟ್ಟಿದ್ದಳು. ಅಕ್ಷರ ಕೂಡಿಸಿ ಕೂಡಿಸಿ ಹಲಗೆ ಓದಿದಳು.

"ತಪ್ಪು ಮಾಡಿದಾಕಿ ಹೆಸರು ಬರದು ಹಚ್ಚೀರಲ್ರಿ ಸಾಹೇಬ್ರ."

"ತಪ್ಪು ಅಂತ ಎಲ್ಲಿ ಬರದೀನಿ? ಇನ್ನೊಮ್ಮೆ ಓದು."

ಇನ್ನೊಮ್ಮೆ ಓದಿದಳು. ತನ್ನ ಹೆಸರು ಬಂದಲ್ಲಿ ತಡೆದು ನಿಂತಳು. ಆಮೇಲೆ ಗಾಜಿನ ಮೇಲಿನ ಧೂಳು ಕಂಡು, ಅಭ್ಯಾಸಬಲದಿಂದ ಸೆರಗು ಹಿಡಿದು ಒರೆಸತೊಡಗಿದಳು.

ಅವಳ ಜಾಗಕ್ಕೆ ಬಂದಿದ್ದ ಮೀಸೆಯ ಹೊಸಬ ಬಾಗಿಲಿನಿಂದ ಕೂಗಿದ. "ಯಕ್ಕಾ, ಮುಟ್ಟಬ್ಯಾಡ್ರಿ ಅದನ್ನ."

ಬಾಳವ್ವ ಕೈ ತೆಗೆದು ಅವನ ಕಡೆ ತಿರುಗಿದಳು.

"ಯಾಕ ಮುಟ್ಟಬಾರದು ಅಂತ ನಿನಗ ಯಾರರ ಹೇಳ್ಯಾರೇನಪಾ?"

ಅವನು ಹುದ್ದಾರರ ಮುಖ ನೋಡಿದ. ಹುದ್ದಾರರು ತಲೆ ತಗ್ಗಿಸಿದರು.

"ಬಾ ಇಲ್ಲಿ" ಎಂದಳು ಬಾಳವ್ವ. "ಈ ಹಸರ ಐತಲ್ಲ, ಇದು ಕಿಲುಬಲ್ಲ. ಅದರ ತೊಗಲು."